ಕೊಳ ಬದಲಿಸಿದ ಹುಡುಗಿ



ಶವ್ವಾಲ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮಸೀದಿ ದರ್ಸ್‌ಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ಮುತಅಲ್ಲಿಮರು ಕಿತಾಬುಗಳನ್ನು ಕಟ್ಟಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೊರಡುತ್ತಾರೆ. ಉಸ್ತಾದರು ಬೇರೆ ಮಸೀದಿಗೆ ಹೋದರೆ ಅವರ ಬೆನ್ನಿಗೇ ಒಂದಷ್ಟು ಮಕ್ಕಳೂ ಹೋಗುವುದುಂಟು. ಇನ್ನು ಕೆಲವರು, "ಇಲ್ಲಿ ನನಗೆ ನಹ್ವ್ ತಲೆಗೆ ಹತ್ತುತ್ತಿಲ್ಲ, ಅಲ್ಲಿಯ ಉಸ್ತಾದರು ಚೆನ್ನಾಗಿ ಹೇಳಿಕೊಡುತ್ತಾರಂತೆ" ಎಂದು ಹೊರಡುತ್ತಾರೆ. ಹಾಗೆ ಹೊರಟವನನ್ನು ಯಾರೂ ಸೋತು ಓಡಿದವನು ಎನ್ನುವುದಿಲ್ಲ. ಇಲ್ಮ್ ಹುಡುಕಿಕೊಂಡು ಹೋದ ಎನ್ನುತ್ತಾರೆ.

ಆದರೆ ಅದೇ ಮನೆಯ ಮಗಳು, "ಬಾಪ, ನನಗೆ ಈ ಕಾಲೇಜು ಬೇಡ, ಬೇರೆ ಕಡೆ ಸೇರಿಸಿ" ಎಂದು ಬಾಯಿ ಬಿಟ್ಟರೆ ಸಾಕು, ಮನೆಯಲ್ಲಿ ಸಾವಿನ ಮೌನ. ಕಟ್ಟಿದ ಫೀಸಿನ ಲೆಕ್ಕ ಒಂದು ಕಡೆ, ನೆಂಟರ ಬಾಯಿ ಇನ್ನೊಂದು ಕಡೆ. "ಏನಾಯಿತಂತೆ ಅಲ್ಲಿ?" ಎಂದು ಅಕ್ಕಪಕ್ಕದವರು ಕೇಳಿದರೆ ಏನು ಹೇಳುವುದು ಎಂಬುದೇ ತಾಯಿಗೆ ದೊಡ್ಡ ಚಿಂತೆ. ಮಗಳಿಗೆ ನಿಜವಾಗಿ ಏನಾಗಿದೆ ಎಂದು ಕೇಳುವವರು ಆ ಗಲಾಟೆಯಲ್ಲಿ ಕಡಿಮೆ.

ಈ ತಿಂಗಳು ನಾನು ನಿಮಗೆ ಹೇಳಹೊರಟಿರುವುದು ಅಮೆರಿಕದ ಒಬ್ಬ ಈಜುಗಾರ್ತಿಯ ವಿಷಯ. ಹೆಸರು ಮಿಸ್ಸಿ ಫ್ರಾಂಕ್ಲಿನ್. ನಿಮ್ಮಲ್ಲಿ ಕೆಲವರು ಈಗಲೇ ಹುಬ್ಬು ಗಂಟಿಕ್ಕಿರಬಹುದು. ಈಜುಡುಗೆ ತೊಟ್ಟು ಲೋಕದೆದುರು ಈಜುವ ಹುಡುಗಿಯ ಕಥೆ ಈ ಪತ್ರಿಕೆಯಲ್ಲಿ ಏಕೆ? ಆ ಉಡುಪಿನ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಮುಚ್ಚಿಡಲು ನಾನು ಬರೆಯುತ್ತಿಲ್ಲ. ಆದರೆ ಈಜು ಎಂಬುದೇ ನಮಗೆ ಹೊರಗಿನದು ಎಂದು ಮಾತ್ರ ತಿಳಿಯಬೇಡಿ. ಈಜು ಕಲಿಯುವುದನ್ನು ವ್ಯರ್ಥ ಆಟಗಳ ಪಟ್ಟಿಯಿಂದ ಹೊರಗಿಟ್ಟ ಹದೀಸನ್ನು ಇಮಾಮ್ ನಸಾಈ ವರದಿ ಮಾಡಿದ್ದಾರೆ. ಹೊಳೆ, ಕೆರೆ, ಬಾವಿ, ಕಡಲು ಎಲ್ಲವೂ ಇರುವ ನಮ್ಮ ಜಿಲ್ಲೆಗಳಲ್ಲಿ ಹೆಣ್ಣು ಮಕ್ಕಳಿಗೆ ಮರೆಯಲ್ಲಾದರೂ ಈಜು ಕಲಿಸುವ ಮನೆಗಳು ಎಷ್ಟಿವೆ? ಇರಲಿ, ಅದು ಇನ್ನೊಂದು ತಿಂಗಳ ವಿಷಯ.

ಮಿಸ್ಸಿ ಹುಟ್ಟಿದ್ದು 1995ರಲ್ಲಿ. ಬೆಳೆದದ್ದು ಕೊಲೊರಾಡೊ ರಾಜ್ಯದಲ್ಲಿ, ಕಡಲಿನಿಂದ ಬಹಳ ದೂರದ ಬೆಟ್ಟದ ಸೀಮೆಯಲ್ಲಿ. ತಂದೆ ತಾಯಿ ಮೂಲತಃ ಕೆನಡಾದವರು. ತಾಯಿ ವೈದ್ಯೆ. ತಾಯಿಗೆ ನೀರೆಂದರೆ ಭಯವಂತೆ. ಆ ಭಯ ಮಗಳಿಗೆ ಬರಬಾರದೆಂದು ಕೂಸಾಗಿದ್ದಾಗಲೇ ಕೊಳಕ್ಕೆ ಕರೆದುಕೊಂಡು ಹೋದರು. ತನ್ನ ಭಯವನ್ನು ಮಗಳ ಮೇಲೆ ಹೇರದ ತಾಯಿ! ಇದೊಂದು ಮಾತಿಗಾಗಿಯೇ ಆ ತಾಯಿಯ ಮೇಲೆ ನನಗೆ ಗೌರವ.

ಏಳು ವರ್ಷದವಳಿದ್ದಾಗ ಟಾಡ್ ಶ್ಮಿಟ್ಜ್ ಎಂಬ ತರಬೇತುದಾರರ ಕೈಗೆ ಬಂದಳು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಆಕೆಗೆ 17 ವರ್ಷ, ಇನ್ನೂ ಹೈಸ್ಕೂಲ್ ವಿದ್ಯಾರ್ಥಿನಿ. ಒಲಿಂಪಿಕ್ಸ್ ಆರಂಭವಾಗುವುದಕ್ಕೆ ಒಂದು ವಾರ ಮೊದಲು, ಜುಲೈ 20ರಂದು, ಆಕೆಯ ಶಾಲೆಯಿದ್ದ ಅರೋರಾ ಪಟ್ಟಣದ ಚಿತ್ರಮಂದಿರವೊಂದರಲ್ಲಿ ಒಬ್ಬ ಗುಂಡು ಹಾರಿಸಿ 12 ಮಂದಿಯನ್ನು ಕೊಂದ. ತನ್ನ ಸ್ಪರ್ಧೆಗಳನ್ನು ಆ ನೊಂದವರಿಗೆ ಅರ್ಪಿಸುತ್ತೇನೆಂದು ಹೇಳಿ ಆ ಹುಡುಗಿ ನೀರಿಗಿಳಿದಳು. ನಾಲ್ಕು ಚಿನ್ನ, ಒಂದು ಕಂಚು. ಅಂಗಾತ ಮಲಗಿ ಈಜುವ ಬ್ಯಾಕ್‌ಸ್ಟ್ರೋಕ್‌ನ 200 ಮೀಟರಿನಲ್ಲಿ 2 ನಿಮಿಷ 4.06 ಸೆಕೆಂಡಿನ ವಿಶ್ವ ದಾಖಲೆ. ಮರುವರ್ಷ ಬಾರ್ಸಿಲೋನಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆರು ಚಿನ್ನ. ಒಂದೇ ಕೂಟದಲ್ಲಿ ಆರು ಚಿನ್ನ ಗೆದ್ದ ಮಹಿಳೆ ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಇಲ್ಲಿ ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಲ್ಲಿ ಕಾಲೇಜು ಈಜು ಎಂದರೆ ನಮ್ಮಲ್ಲಿಯ ವಾರ್ಷಿಕ ಕ್ರೀಡಾಕೂಟದಂತಲ್ಲ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಸ್ವಂತ ಕೊಳ, ಸಂಬಳದ ತರಬೇತುದಾರರು, ವೈದ್ಯರು, ಆಟಗಾರರಿಗೆ ವಿದ್ಯಾರ್ಥಿವೇತನ ಎಲ್ಲವೂ ಉಂಟು. ಎನ್‌ಸಿಎಎ ಎಂಬ ಸಂಸ್ಥೆ ಇದನ್ನೆಲ್ಲ ನಿಯಂತ್ರಿಸುತ್ತದೆ. ವಿದ್ಯಾರ್ಥಿ ಓದಲೂ ಬೇಕೆಂಬ ಕಾರಣಕ್ಕೆ, ಸ್ಪರ್ಧೆಯ ಕಾಲದಲ್ಲಿ ಕಡ್ಡಾಯ ತರಬೇತಿ ವಾರಕ್ಕೆ 20 ಗಂಟೆ ಮೀರಬಾರದು ಎಂಬ ನಿಯಮವೂ ಇದೆ. ಇನ್ನೊಂದು ನಿಯಮ ಬಹಳ ಕಟ್ಟುನಿಟ್ಟಾಗಿತ್ತು. ಜಾಹೀರಾತಿನಿಂದ ಹಣ ಪಡೆದವರು ಕಾಲೇಜಿನ ಪರವಾಗಿ ಸ್ಪರ್ಧಿಸುವಂತಿರಲಿಲ್ಲ. 2021ರ ಜುಲೈಯಲ್ಲಿ ಅದು ಸಡಿಲವಾಯಿತು. ಮಿಸ್ಸಿಯ ಕಾಲದಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಒಲಿಂಪಿಕ್ಸ್ ಚಿನ್ನದ ಹುಡುಗಿಯ ಮನೆ ಬಾಗಿಲಿಗೆ ಕಂಪೆನಿಗಳು ಸಾಲಾಗಿ ಬಂದಿದ್ದವು. ಆಕೆ ಅವನ್ನೆಲ್ಲ ಬಿಟ್ಟು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಳು. ಗೆಳತಿಯರ ಜೊತೆ ಒಂದು ತಂಡವಾಗಿ ಈಜಬೇಕೆಂಬುದು ಆಕೆಯ ಆಸೆ. 18ರ ವಯಸ್ಸಿನಲ್ಲಿ ಹಣದ ಥೈಲಿಯನ್ನು ಪಕ್ಕಕ್ಕಿಟ್ಟು ಕಾಲೇಜಿನ ಬೆಂಚು ಆರಿಸಿಕೊಳ್ಳುವವರು ಎಲ್ಲಿಯೂ ಹೆಚ್ಚಿಲ್ಲ.

ಬರ್ಕ್ಲಿಯ ಎರಡು ವರ್ಷ ಚೆನ್ನಾಗಿಯೇ ಹೋಯಿತು. 2015ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನಡುವೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಕೂಟದ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಎರಡು ವರ್ಷ ಮುಗಿಸಿ ಆಕೆ ಕಾಲೇಜು ಸ್ಪರ್ಧೆಗೆ ವಿದಾಯ ಹೇಳಿ, ವೃತ್ತಿಪರ ಈಜುಗಾರ್ತಿಯಾಗಿ ಕೊಲೊರಾಡೊಗೆ, ಹಳೆಯ ತರಬೇತುದಾರರ ಬಳಿಗೆ ಮರಳಿದಳು. ರಿಯೋ ಒಲಿಂಪಿಕ್ಸ್ ಎದುರಿಗಿತ್ತು. ಹಳೆಯ ಮನೆ, ಹಳೆಯ ಕೊಳ, ಹಳೆಯ ಗುರು. ಇನ್ನೇನು ಬೇಕು?

ಆದರೆ ಹಳೆಯ ಜಾಗಕ್ಕೆ ಹೋದರೆ ಹಳೆಯ ದಿನಗಳು ಸಿಗುವುದಿಲ್ಲ. 2015ರ ಕಜಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಿಲೇಗಳಲ್ಲಿ ಚಿನ್ನ ಬಂತು, ಒಂಟಿಯಾಗಿ ಈಜಿದ್ದರಲ್ಲಿ ಒಂದೂ ಬರಲಿಲ್ಲ. 2016ರ ಆಯ್ಕೆ ಸ್ಪರ್ಧೆಯಲ್ಲಿ, ತಾನು ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲೇ ಏಳನೆಯವಳಾದಳು. ರಿಯೋದಲ್ಲಿ ಒಂಟಿಯಾಗಿ ಎರಡು ಸ್ಪರ್ಧೆಗಳಲ್ಲಿ ಈಜಿ, ಎರಡರಲ್ಲೂ ಫೈನಲ್ ತಲುಪಲಿಲ್ಲ. ರಿಲೇಯ ಪ್ರಾಥಮಿಕ ಸುತ್ತಿನಲ್ಲಿ ಈಜಿದ್ದಕ್ಕೆ ಒಂದು ಚಿನ್ನ ಸಿಕ್ಕಿತು, ಅಷ್ಟೇ. ಲೋಕವೆಲ್ಲ ನೋಡುತ್ತಿದ್ದಾಗ ಸೋತದ್ದು. ನಾಲ್ಕು ವರ್ಷದ ಹಿಂದೆ ಆಕೆಯ ನಗುವಿನ ಚಿತ್ರ ಹಾಕಿದ ಪತ್ರಿಕೆಗಳೇ ಈಗ ಮಿಸ್ಸಿಗೆ ಏನಾಯಿತು ಎಂದು ಕೇಳತೊಡಗಿದವು.

ಏನಾಗಿತ್ತು ಎಂದು ಆಕೆಯೇ ನಂತರ ಹೇಳಿಕೊಂಡಳು. ಆ ವರ್ಷವಿಡೀ ಭುಜಗಳಲ್ಲಿ ತೀವ್ರ ನೋವು. ಅದರ ಜೊತೆಗೆ ಖಿನ್ನತೆ, ಆತಂಕ, ನಿದ್ರಾಹೀನತೆ. ಚಿನ್ನ ಗೆಲ್ಲಬೇಕೆಂದು ದೇಶವೇ ಕಾದಿದ್ದ ವರ್ಷದಲ್ಲಿ ಆ ಹುಡುಗಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಖಿನ್ನತೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೇಗೆ ಕೇಳುತ್ತೇವೆ? "ಅದೆಲ್ಲ ನಮಾಝ್ ಬಿಟ್ಟವರಿಗೆ ಬರುವುದು" ಎನ್ನುವವರಿದ್ದಾರೆ. "ಕಣ್ಣು ಬಿದ್ದಿದೆ, ನೂಲು ಕಟ್ಟಿಸಿ" ಎನ್ನುವವರಿದ್ದಾರೆ. ನಮಾಝ್ ಮನಸ್ಸಿಗೆ ಕೊಡುವ ನೆಮ್ಮದಿಯನ್ನು ಬೇರಾವುದೂ ಕೊಡಲಾರದು, ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಾಲು ಮುರಿದ ಮಗನಿಗೆ ನಮಾಝ್ ಮಾಡು, ಮೂಳೆ ಕೂಡುತ್ತದೆ ಎಂದು ಹೇಳಿ ಮನೆಯಲ್ಲಿ ಕೂರಿಸುತ್ತೇವೆಯೇ? ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದ್ದು ಪ್ರವಾದಿವರ್ಯರೇ(ಸ). ಆ ಮಾತಿನಲ್ಲಿ ದೇಹದ ಕಾಯಿಲೆ ಮಾತ್ರ ಎಂಬ ಷರತ್ತು ಇಲ್ಲ. ಐದು ಒಲಿಂಪಿಕ್ಸ್ ಚಿನ್ನವಿದ್ದವಳಿಗೂ ಬಂದ ಕಾಯಿಲೆ ನಮ್ಮ ಪಿಯುಸಿ ಓದುವ ಮಗಳಿಗೆ ಬರಬಾರದೆಂದು ಎಲ್ಲಿ ಬರೆದಿದೆ?

2017ರ ಆರಂಭದಲ್ಲಿ ಎರಡೂ ಭುಜಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಆಕೆ ಮತ್ತೆ ಬರ್ಕ್ಲಿಗೆ ಹೋಗಿ, ಈ ಬಾರಿ ಬೇರೆ ತರಬೇತುದಾರರ ಕೈಕೆಳಗೆ ಈಜತೊಡಗಿದಳು. ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಅದೇ ವರ್ಷದ ಕೊನೆಗೆ ದೇಶದ ಪಶ್ಚಿಮ ತೀರವನ್ನೇ ಬಿಟ್ಟು ದಕ್ಷಿಣದ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ, ಅಥೆನ್ಸ್ ಎಂಬ ಪಟ್ಟಣಕ್ಕೆ ಹೊರಟಳು. 1785ರಲ್ಲಿ ಸ್ಥಾಪನೆಯಾದ ಹಳೆಯ ವಿಶ್ವವಿದ್ಯಾಲಯ ಅದು. ಈಜಿನಲ್ಲಿ ಬರ್ಕ್ಲಿಯ ಪ್ರತಿಸ್ಪರ್ಧಿ. ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿಯನ್ನು 2013, 2014 ಮತ್ತು 2016ರಲ್ಲಿ ಗೆದ್ದದ್ದು ಜಾರ್ಜಿಯಾ, ನಡುವಿನ 2015ರಲ್ಲಿ ಗೆದ್ದದ್ದು ಮಿಸ್ಸಿಯಿದ್ದ ಬರ್ಕ್ಲಿ. ಅಂದರೆ ಆಕೆ ಹೋದದ್ದು ಎದುರು ತಂಡದ ಮನೆಗೆ. ಅಲ್ಲಿ ಜ್ಯಾಕ್ ಬಾವರ್ಲಿ ಎಂಬ ಹಿರಿಯ ತರಬೇತುದಾರರಿದ್ದರು. 1979ರಿಂದ ಅಲ್ಲಿಯ ಮಹಿಳಾ ತಂಡವನ್ನು ಬೆಳೆಸಿದವರು, ನಿವೃತ್ತರಾದದ್ದು 2022ರಲ್ಲಿ.

ವೃತ್ತಿಪರಳಾಗಿದ್ದರಿಂದ ಕಾಲೇಜು ಪಂದ್ಯಗಳಲ್ಲಿ ಜಾರ್ಜಿಯಾ ಪರವಾಗಿ ಈಜುವ ಅವಕಾಶ ಆಕೆಗಿರಲಿಲ್ಲ. ಕೊಳದಲ್ಲಿ ಅವರ ಜೊತೆ ತರಬೇತಿ, ತರಗತಿಯಲ್ಲಿ ಉಳಿದ ಓದು. ತನಗಾಗಿ ಒಂದು ಪ್ರಶಸ್ತಿಯನ್ನೂ ತಂದುಕೊಡಲಾರದ ಹುಡುಗಿಯನ್ನು ಆ ವಿಶ್ವವಿದ್ಯಾಲಯ ಸೇರಿಸಿಕೊಂಡಿತು ಎಂಬುದನ್ನೂ ಗಮನಿಸಿ.

ಈಜುಗಾರರು ವಿಶ್ವವಿದ್ಯಾಲಯ ಬದಲಿಸುವುದು ಅಲ್ಲಿ ಈಗ ಸಾಮಾನ್ಯ ಸಂಗತಿ. ಮೊದಲು ಅಷ್ಟು ಸುಲಭವಿರಲಿಲ್ಲ. ಹಳೆಯ ಕಾಲೇಜು ಒಪ್ಪದೆ ಹೊಸ ಕಾಲೇಜಿನ ತರಬೇತುದಾರ ಆ ವಿದ್ಯಾರ್ಥಿಯನ್ನು ಮಾತನಾಡಿಸುವಂತೆಯೂ ಇರಲಿಲ್ಲ. ಬಿಟ್ಟು ಹೋಗುವವರ ಕೀಲಿಕೈ ಇಟ್ಟುಕೊಂಡವರು ಅವರು ಬಿಡಬಯಸಿದವರೇ ಎಂದಾಯಿತು! 2018ರ ಅಕ್ಟೋಬರಿನಲ್ಲಿ ಎನ್‌ಸಿಎಎ ಅದನ್ನು ಬದಲಿಸಿತು. ಈಗ ವಿದ್ಯಾರ್ಥಿ ಹೋಗುತ್ತೇನೆಂದು ತಿಳಿಸಿದರೆ ಸಾಕು, ಕಾಲೇಜು ಎರಡು ಕೆಲಸದ ದಿನಗಳೊಳಗೆ ಆ ಹೆಸರನ್ನು ವರ್ಗಾವಣೆ ಪಟ್ಟಿಗೆ ಸೇರಿಸಬೇಕು. 2024ರ ಏಪ್ರಿಲ್ ನಂತರ, ಓದಿನಲ್ಲಿ ಹಿಂದೆ ಬೀಳದವರು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೊಂದು ಗಿಡ ಕಿತ್ತು ನೆಟ್ಟರೆ ಬೇರು ಯಾವಾಗ ಇಳಿಯಬೇಕು?

ಗುರುವಿನ ಹಿಂದೆ ಹೋಗುವುದೂ ಅಲ್ಲಿ ಉಂಟು, ನಮ್ಮ ಮುತಅಲ್ಲಿಮರ ಹಾಗೆಯೇ. ಮೈಕೆಲ್ ಫೆಲ್ಪ್ಸ್‌ನನ್ನು ಬೆಳೆಸಿದ ಬಾಬ್ ಬೌಮನ್ 2024ರ ಏಪ್ರಿಲಿನಲ್ಲಿ ಅರಿಜೋನಾ ಸ್ಟೇಟ್ ಬಿಟ್ಟು ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂಟಿಯಾಗಿ ನಾಲ್ಕು ಚಿನ್ನ ಗೆದ್ದ ಫ್ರಾನ್ಸಿನ ಲಿಯೋನ್ ಮಾರ್ಶಾನ್ ಅವರ ಹಿಂದೆ ಹೋದ. 200 ಮೀಟರ್ ಬ್ಯಾಕ್‌ಸ್ಟ್ರೋಕ್ ಗೆದ್ದ ಹಂಗೇರಿಯ ಹ್ಯೂಬರ್ಟ್ ಕೋಶ್ ಕೂಡ ಹೋದ. 2025ರ ಮಾರ್ಚಿನಲ್ಲಿ ಟೆಕ್ಸಸ್ ಪುರುಷರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಇಂಥ ಬದಲಾವಣೆಗಳನ್ನು ಜನ ಹೊಗಳುತ್ತಾರೆ, ಏಕೆಂದರೆ ಕೊನೆಗೆ ಪದಕ ಕಾಣುತ್ತದೆ.

ಮಿಸ್ಸಿಯ ಬದಲಾವಣೆಯ ಕೊನೆಗೆ ಪದಕ ಕಾಣಲಿಲ್ಲ. ಭುಜದ ನೋವು ಮರಳಿತು. ಚುಚ್ಚುಮದ್ದುಗಳನ್ನು ಕೊಟ್ಟು ನೋಡಿದರು. ಮುಂದಿನ ದಾರಿ ಮತ್ತೊಂದು ಶಸ್ತ್ರಚಿಕಿತ್ಸೆ ಎಂದಾಯಿತು. 2018ರ ಡಿಸೆಂಬರ್ 19ರಂದು, ಜಾರ್ಜಿಯಾಗೆ ಹೋಗಿ ಸುಮಾರು ಒಂದು ವರ್ಷಕ್ಕೆ, ಆಕೆ ಬಹಿರಂಗ ಪತ್ರವೊಂದನ್ನು ಬರೆದು ಈಜಿನಿಂದ ನಿವೃತ್ತಳಾದಳು. ಆಗ ವಯಸ್ಸು 23. ಅಂಕದ ಪುಸ್ತಕ ನೋಡುವವರು ಇದನ್ನು ಸೋಲು ಎಂದೇ ಬರೆದುಕೊಳ್ಳುತ್ತಾರೆ. ಅಷ್ಟು ದೂರ ಹೋದಳು, ಏನು ಗೆದ್ದಳು?

ನಾನು ಅದನ್ನು ಸೋಲು ಎನ್ನುವುದಿಲ್ಲ. ಈಜಿನ ಮೇಲಿನ ಪ್ರೀತಿಯೇ ಬತ್ತಿಹೋಗಿದ್ದ ಹುಡುಗಿಗೆ ಅದು ಮರಳಿ ಸಿಕ್ಕಿತು, ನಡುವೆ ನಿಂತ ಓದು ಮತ್ತೆ ಹಿಡಿತಕ್ಕೆ ಬಂತು. ಹಾಗೆ ಮರಳಿ ಸಿಕ್ಕಿದ್ದರಿಂದಲೇ ಯಾರನ್ನೂ ದೂರದೆ ಬಿಡಲು ಸಾಧ್ಯವಾಯಿತು. ಆ ಪತ್ರದಲ್ಲಿ ಆಕೆ ಹೇಳಿದ ಒಂದು ಮಾತು ನಮ್ಮ ಪತ್ರಿಕೆಯ ತಾಯಂದಿರಿಗೆ ಹಿಡಿಸೀತು. ಒಲಿಂಪಿಕ್ಸ್ ಚಿನ್ನಕ್ಕಿಂತಲೂ ದೊಡ್ಡದಾಗಿ ತಾನು ಕಂಡ ಕನಸು ತಾಯಿಯಾಗುವುದು ಎಂದಿದ್ದಳು. 2019ರಲ್ಲಿ ಮದುವೆಯಾಯಿತು, 2021ರಲ್ಲಿ ಹೆಣ್ಣು ಮಗು ಹುಟ್ಟಿತು.

ಇನ್ನು ಓದಿನ ವಿಷಯ. ಜಾರ್ಜಿಯಾದಲ್ಲಿ ಆಕೆ ಆರಿಸಿಕೊಂಡ ಮುಖ್ಯ ವಿಷಯ ಯಾವುದು ಗೊತ್ತೇ? ಧರ್ಮಗಳ ಅಧ್ಯಯನ. ಸ್ವತಃ ಕ್ರೈಸ್ತಳು. ಧರ್ಮಗಳನ್ನು ಓದುತ್ತ ಹೋದಾಗ ಇಸ್ಲಾಮಿನ ಪಾಠವೂ ಬಂತು. ಅದರ ಬಗ್ಗೆ ಸುದ್ದಿಗಾರರ ಮುಂದೆ ಆಕೆ ಮನಸ್ಸು ಬಿಚ್ಚಿ ಮಾತನಾಡಿದ್ದಾಳೆ. ತನಗೆ ಇಸ್ಲಾಮಿನ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ, ಇವರಿಂದ ಅವರಿಂದ ಕೇಳಿದ್ದು, ಮಾಧ್ಯಮದಲ್ಲಿ ಕಂಡದ್ದು ಅಷ್ಟೇ, ಕಲಿಯಲು ಕುಳಿತಾಗ ಬೆರಗಾದೆ ಎಂಬ ಅರ್ಥದ ಮಾತು ಅದು. ತನ್ನ ಧರ್ಮಕ್ಕೂ ಇದಕ್ಕೂ ಇರುವ ಸಾಮ್ಯ ಆಕೆಗೆ ಅಚ್ಚರಿ ತಂದಿತ್ತು.

ಇಂಥ ಸುದ್ದಿ ಕಂಡರೆ ನಮ್ಮಲ್ಲಿ ಕೆಲವರ ಕೈ ಸುಮ್ಮನಿರುವುದಿಲ್ಲ. ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವಷ್ಟರಲ್ಲಿ "ಒಲಿಂಪಿಕ್ಸ್ ತಾರೆ ಇಸ್ಲಾಂ ಸ್ವೀಕಾರ" ಎಂದಾಗಿಬಿಡುತ್ತದೆ. ಆಕೆ ಹಾಗೆ ಹೇಳಲಿಲ್ಲ. ಆಕೆ ಕ್ರೈಸ್ತಳಾಗಿಯೇ ಉಳಿದಳು. ಒಬ್ಬ ಹೆಣ್ಣು ಮಗಳು ಪ್ರಾಮಾಣಿಕವಾಗಿ ಆಡಿದ ಮಾತಿಗೆ ನಾವು ಸುಳ್ಳಿನ ಒಗ್ಗರಣೆ ಹಾಕಿದರೆ ದೀನ್‌ಗೆ ಅದರಿಂದ ಏನು ಲಾಭ? ನನಗೆ ಆಕೆಯ ಮಾತಿನಲ್ಲಿ ಚುಚ್ಚಿದ್ದು ಬೇರೆಯೇ. ಕೇಳಿ ತಿಳಿದದ್ದು ಒಂದು, ಕುಳಿತು ಓದಿದಾಗ ಕಂಡದ್ದು ಇನ್ನೊಂದು ಎನ್ನುತ್ತಾಳೆ. ನಮ್ಮ ಪಕ್ಕದ ಮನೆಯವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಇವೆರಡರಲ್ಲಿ ಯಾವುದು? ಅವರ ಬಗ್ಗೆ ನಮಗೆ ಗೊತ್ತಿರುವುದಾದರೂ ಯಾವುದು?

ಜಾಗ ಬದಲಾದಾಗ ಕಣ್ಣೂ ಬದಲಾಗುವುದು ನಮ್ಮ ಚರಿತ್ರೆಗೆ ಹೊಸತಲ್ಲ. ಕರಾವಳಿಯ ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಇಮಾಮರನ್ನೇ ನೋಡಿ. ಹುಟ್ಟಿದ್ದು ಹಿಜರಿ 150ರಲ್ಲಿ, ಗಾಝಾದಲ್ಲಿ. ತಂದೆ ಬೇಗನೆ ತೀರಿಕೊಂಡರು. ಬಡ ತಾಯಿ, ಮಗನ ವಂಶದ ಗುರುತು ಅಳಿದುಹೋಗಬಾರದು ಎಂದು ಎಳೆಯ ಕೂಸನ್ನು ಎತ್ತಿಕೊಂಡು ಮಕ್ಕಾಕ್ಕೆ ಹೋದರು. ಮಕ್ಕಾದಲ್ಲಿ ಕಲಿತು ಇಮಾಮರು ಮದೀನಾಕ್ಕೆ ಹೋಗಿ ಇಮಾಮ್ ಮಾಲಿಕರ ಬಳಿ ಕುಳಿತರು. ಅಲ್ಲಿಂದ ಮುಂದೆ ಯಮನ್. ಬಗ್ದಾದಿನಲ್ಲಿ ಇಮಾಮ್ ಅಬೂ ಹನೀಫಾರ ಶಿಷ್ಯರಾದ ಮುಹಮ್ಮದ್ ಅಶ್ಶೈಬಾನಿಯವರ ಬಳಿ ಬೇರೆಯದೇ ಚಿಂತನೆಯನ್ನು ಕಂಡರು. ಕೊನೆಗೆ ಈಜಿಪ್ಟ್. ಅಲ್ಲಿಗೆ ಹೋದ ಮೇಲೆ ತಮ್ಮ ಎಷ್ಟೋ ಅಭಿಪ್ರಾಯಗಳನ್ನೇ ಬದಲಿಸಿದರು. ಬಗ್ದಾದಿನವು ಖೌಲ್ ಖದೀಮ್, ಈಜಿಪ್ಟಿನವು ಖೌಲ್ ಜದೀದ್ ಎಂದು ನಾವು ಇಂದಿಗೂ ಕಿತಾಬುಗಳಲ್ಲಿ ಓದುತ್ತೇವೆ. ಇಷ್ಟು ಸಲ ಊರು ಬದಲಿಸಿದವರನ್ನು ನೆಲೆಯಿಲ್ಲದವರು ಎಂದು ಯಾರಾದರೂ ಕರೆದರೇ? ಮುಸ್ಲಿಮರ ವರ್ಷದ ಎಣಿಕೆಯೇ ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋದ ಘಟನೆಯಿಂದ ಆರಂಭವಾಗುತ್ತದೆ. ಆ ಮಹಾ ಹಿಜ್ರಾವನ್ನು ನಾನು ಕಾಲೇಜು ಬದಲಿಸುವುದಕ್ಕೆ ಹೋಲಿಸುತ್ತಿಲ್ಲ, ಅಲ್ಲಾಹನು ಕ್ಷಮಿಸಲಿ. ಹೊರಟು ಹೋಗುವುದೇ ಅವಮಾನ ಎಂದು ನಮಗೆ ಕಲಿಸಿದವರು ಯಾರು ಎಂದಷ್ಟೇ ಕೇಳುತ್ತಿದ್ದೇನೆ.

ಹಾಗೆಂದು ಮಗಳು ಕೇಳಿದ ತಕ್ಷಣ ಟಿ.ಸಿ. ತರಲು ಓಡಿ ಎಂದೂ ಹೇಳಲಾರೆ. ಗೆಳತಿ ಅಲ್ಲಿ ಸೇರಿದ್ದಾಳೆಂದು ಬದಲಿಸುವವರಿದ್ದಾರೆ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಮೇಷ್ಟ್ರನ್ನು ದೂರುವವರಿದ್ದಾರೆ. ಅಂಥವರನ್ನು ಒಂದು ತಿಂಗಳು ತಡೆದು ನಿಲ್ಲಿಸಿದರೆ ತಾವಾಗಿ ಸರಿಹೋಗುತ್ತಾರೆ. ನಿಜವಾದ ಕಷ್ಟದಲ್ಲಿರುವವರು ಹೆಚ್ಚು ಮಾತನಾಡುವುದಿಲ್ಲ. ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ರಜೆ ಮುಗಿಯುವ ಹಿಂದಿನ ದಿನ ಜ್ವರ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಕಲಿತ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದಿದ್ದರು. ಮಗಳು ದೂರದ ಊರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್‌ಸಿ. ಸೇರಿ ಎರಡು ತಿಂಗಳಾಗಿತ್ತು. ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ. "ಉಸ್ತಾದ್, ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳುತ್ತಾಳೆ" ಎಂದರು. ಅಲ್ಲಿಯೇ ಇರು ಎಂದು ನಾನು ಹೇಳಬೇಕಂತೆ. ಅವಳು ಸರಿಯಾಗಿ ಮಲಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅವಳ ಉಮ್ಮನಿಗೆ ಗೊತ್ತಿತ್ತು. ಆದರೆ ಆ ತಾಯಿಯನ್ನು ಯಾರೂ ಕೇಳಿರಲಿಲ್ಲ.

ಆ ತಂದೆಗೆ ಇದ್ದ ದೊಡ್ಡ ತೊಡಕು ಮಗಳಲ್ಲ, ಫೀಸು. ಸಾಲ ಮಾಡಿ ಕಟ್ಟಿದ್ದರು. ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲವೂ ಕಾಲೇಜಿನವರ ಬಳಿಯಿತ್ತು. ಪೂರ್ತಿ ಕೋರ್ಸಿನ ಹಣ ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದಿದ್ದರಂತೆ. ಈ ಒಂದು ಮಾತಿಗೆ ಹೆದರಿ ಸುಮ್ಮನಾಗುವ ಮನೆಗಳು ಬಹಳ. ಆದ್ದರಿಂದ ತಿಳಿದುಕೊಳ್ಳಿ. ಕಾಲೇಜುಗಳು ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ಪ್ರಕಟಿಸಿದೆ. ನೋಡಿ ಪರಿಶೀಲಿಸಿ ಮರಳಿಸಬೇಕು. ಫೀಸಿಗೂ ಅದರಲ್ಲಿ ಲೆಕ್ಕವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಸಣ್ಣದೊಂದು ಮೊತ್ತ ಕಳೆದು ಪೂರ್ತಿ ಹಣ, ಅದಕ್ಕಿಂತ ತಡವಾದರೂ ಕೊನೆಯ ದಿನದ ಮೊದಲು ಬಿಟ್ಟರೆ ಶೇಕಡಾ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇಕಡಾ 80, 30 ದಿನದೊಳಗೆ ಶೇಕಡಾ 50. ಅಲ್ಲಿಂದ ಮುಂದೆ ಏನೂ ಇಲ್ಲ. ಇದು ಪದವಿ ಕಾಲೇಜುಗಳಿಗೆ ಸಂಬಂಧಿಸಿದ್ದು, ಪಿಯು ಕಾಲೇಜುಗಳು ಇದರಡಿ ಬರುವುದಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿಗೆ ಹೋಗುವುದಾದರೆ ಟಿ.ಸಿ.ಯ ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಅದಕ್ಕೆ ಅರ್ಜಿ ಹಾಕುವುದು ಹಳೆಯ ವಿಶ್ವವಿದ್ಯಾಲಯಕ್ಕೆ, ಮತ್ತು ಕೈಗೆ ಬರಲು ದಿನ ಹಿಡಿಯುತ್ತದೆ.

ಆ ಹುಡುಗಿಯ ವಿಷಯದಲ್ಲಿ ಹಣದ ಗಡುವು ಮುಗಿದಿತ್ತು. ಪ್ರಮಾಣಪತ್ರಗಳು ಮಾತ್ರ, ತಂದೆ ಲಿಖಿತ ಅರ್ಜಿ ಕೊಟ್ಟ ಮೇಲೆ, ವಾರದೊಳಗೆ ಕೈಗೆ ಬಂದವು. ಆ ವರ್ಷ ಮನೆಯಲ್ಲಿದ್ದಳು, ಪೇಟೆಯ ವೈದ್ಯರೊಬ್ಬರ ಬಳಿ ಚಿಕಿತ್ಸೆಯಾಯಿತು. ಮರುವರ್ಷ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಕಾಲೇಜಿಗೆ ಬಿ.ಎ. ಸೇರಿದಳು. ರ‍್ಯಾಂಕೇನೂ ಬರಲಿಲ್ಲ.